ಬೆಂಕಿಯಿಂದ ಬೋಲ್ಟಿಗೆ

ಅರಕಲಗೂಡು ಕಡೆಯ ನಮ್ಮೂರಲ್ಲಿ ಹಬ್ಬ ಅಂದ್ರೆ ಮೊದಲು ಕಾಣ್ತಿದ್ದದ್ದು ಹುಲ್ಲಿನ ಬೆಂಕಿ. ತಮಟೆಯವರು ಗುಡಿಯಿಂದ ದೂರ ಕೂತು ತಮಟೆ ಕಾಯಿಸೋರು. ಇಬ್ಬನಿ ಬಿದ್ದರೆ ಚರ್ಮ ತೇವ ಹೀರಿ ಸಡಿಲವಾಗುತ್ತೆ, ಸದ್ದು ಮಂಕಾಗುತ್ತೆ. ಬೆಂಕಿ ತೋರಿಸಿದರೆ ತೇವ ಆರಿ, ಚರ್ಮ ಬಿಗಿದು, ಮತ್ತೆ ಟಣ್ ಅನ್ನುತ್ತೆ.

ಹಾಸನದಲ್ಲಿ ಬಿಇ ಓದುವಾಗ ಡ್ರಮ್ ಸೆಟ್ಟನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಸುತ್ತಲೂ ಬೋಲ್ಟು. ಕೀಲಿ ತಿರುಗಿಸಿದರೆ ಚರ್ಮ ಬಿಗಿಯುತ್ತೆ. ಹಾಗಾದ್ರೆ ಇವರಿಗೆ ಬೆಂಕಿ ಬೇಕಿರಲಿಲ್ವಾ?

ಬೇಕಿತ್ತು. ಮಿಲಿಟರಿ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿಗೊಬ್ಬ, ಸ್ನೇರ್‌ಗೊಬ್ಬ ಇರ್ತಿದ್ರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಂಥ ಊರುಗಳಲ್ಲಿ ಒಬ್ಬನೇ ಎರಡನ್ನೂ ಬಾರಿಸತೊಡಗಿದ. 1909ರಲ್ಲಿ ಷಿಕಾಗೋದ ವಿಲಿಯಂ ಲುಡ್ವಿಗ್ ವೇಗವಾಗಿ ಓಡುವ ಕಾಲುಪೆಡಲ್ ಮಾರಾಟಕ್ಕೆ ತಂದ. ಆಗಿನ ಟಾಮ್‌ಗಳು ಚೀನಾದವು. ಮೊಳೆ ಹೊಡೆದು ಕೂರಿಸಿದ ಚರ್ಮವನ್ನು ಬಿಗಿ ಮಾಡುವಂತಿರಲಿಲ್ಲ. 1930ರ ದಶಕದಲ್ಲಿ ಡ್ರಮ್ಮರ್ ಜೀನ್ ಕ್ರೂಪಾ ಹೇಳಿದ ಮೇಲೆ ಸ್ಲಿಂಗರ್‌ಲ್ಯಾಂಡ್ ಕಂಪನಿ ಎರಡೂ ಬದಿಗೆ ಬೋಲ್ಟಿರುವ ಟಾಮ್ ಮಾಡಿಕೊಟ್ಟಿತು. ಆದರೂ ತೇವ ಬಿಡಲಿಲ್ಲ. ದೊಡ್ಡ ಡ್ರಮ್ಮಿನೊಳಗೆ ಬಲ್ಬ್ ಉರಿಸಿ ಚರ್ಮ ಬೆಚ್ಚಗಿಡ್ತಿದ್ರು. ನಮ್ಮ ಹುಲ್ಲಿನ ಬೆಂಕಿಯೇ, ಕರೆಂಟಿನದು ಅಷ್ಟೇ! 1957ರಲ್ಲಿ ರೆಮೋ ಬೆಲ್ಲಿ ಮೈಲಾರ್ ಪ್ಲಾಸ್ಟಿಕ್ಕಿನ ಹೊದಿಕೆಗಳನ್ನು ಮಾರುಕಟ್ಟೆಗೆ ತಂದ. ಚರ್ಮ ಹೋಯ್ತು, ಬಲ್ಬೂ ಆರಿತು.

ಈಗ ಹೊಳೆನರಸೀಪುರ, ಚನ್ನರಾಯಪಟ್ಟಣದ ಮೆರವಣಿಗೆಗಳಲ್ಲೂ ಕಬ್ಬಿಣದ ಬಳೆ, ಬೋಲ್ಟು, ಪ್ಲಾಸ್ಟಿಕ್ ಇರೋ ತಮಟೆ ಕಾಣುತ್ತೆ. ನಮ್ಮೂರಲ್ಲೂ ಹುಲ್ಲಿನ ಬೆಂಕಿ ನಿಂತು ವರ್ಷಗಳಾದವು.

ನಿಲ್ಲದ್ದು ಇನ್ನೊಂದಿದೆ. ಸತ್ತ ದನದ ಚರ್ಮ ಮುಟ್ತಾರೆ ಅನ್ನೋದು ಅವರನ್ನು ದೂರ ಇಡಲು ಊರು ಕೊಡ್ತಿದ್ದ ಕಾರಣ. ನನ್ನ ಅಜ್ಜನ ವಯಸ್ಸಿನವರನ್ನು ನಾವು ಹುಡುಗರು ಹೆಸರು ಹಿಡಿದೇ ಕೂಗ್ತಿದ್ವಿ. ಕಾಲೇಜಲ್ಲಿ ಡ್ರಮ್ಸ್ ಬಾರಿಸಿದ ಸೀನಿಯರ್‌ಗೆ ಮಾತ್ರ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆಯಲ್ಲಿ ಈಗ ಚರ್ಮವೇ ಇಲ್ಲ. ಆದರೂ ಹೋದ ಹಬ್ಬದಲ್ಲಿ ನಮ್ಮೂರ ತಮಟೆಯವರು ನಿಂತಿದ್ದು ಅದೇ ಹಳೇ ಜಾಗದಲ್ಲಿ.

ಹತ್ತಿರ ಹೋಗಿ, ‘ಅಜ್ಜ, ಒಂದ್ಸಲ ಕೊಡಿ, ಬಾರಿಸ್ತೀನಿ’ ಅಂದೆ. ಮೂವತ್ತು ದಾಟಿದ ಮೇಲೆ ಅವರನ್ನು ಅಜ್ಜ ಅಂದಿದ್ದು ಅದೇ ಮೊದಲು.

ಅವರು ಗುಡಿ ಕಡೆ ಒಮ್ಮೆ ನೋಡಿ, ‘ಬ್ಯಾಡಿ ಬುದ್ಧಿ’ ಅಂದ್ರು.