ದೂರವಾಣಿ ತಂತಿಯ ಮೂಲಕ ಗೃಹಬಳಕೆಯ ಬ್ರಾಡ್‌ಬ್ಯಾಂಡ್: ವಿಧಗಳು ಮತ್ತು ಅರ್ಜಿದಾರರಿಗೆ ಮಾಹಿತಿ

ಮನೆಯ ಸ್ಥಿರ ದೂರವಾಣಿಗೆ ಬರುವ ತಾಮ್ರದ ಜೋಡಿ ತಂತಿಯು ಧ್ವನಿಯೊಂದಿಗೆ ಅಂತರಜಾಲ ದತ್ತಾಂಶವನ್ನೂ ಸಾಗಿಸಬಲ್ಲದು. ಈ ತಂತಿಯ ಮೂಲಕ ದೊರೆಯುವ ಸಂಪರ್ಕದ ವಿಧಗಳು, ಅವುಗಳ ಮಿತಿಗಳು ಹಾಗೂ ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ಆರಂಭವಾಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗದ, ಸದಾ ಚಾಲನೆಯಲ್ಲಿರುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ವ್ಯಾಖ್ಯಾನಿಸಿತು. ಭಾರತ ಸಂಚಾರ ನಿಗಮವು 2005ರ ಜನವರಿಯಲ್ಲಿ ದೂರವಾಣಿ ತಂತಿಯ ಮೇಲೆ ಈ ಸೇವೆಯನ್ನು ಪ್ರಾರಂಭಿಸಿತು. ಕನಿಷ್ಠ ವೇಗವನ್ನು 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು.

ಸಂಪರ್ಕದ ವಿಧಗಳು

1. ಡಯಲ್-ಅಪ್: ಮೋಡೆಮ್ ದೂರವಾಣಿ ಕರೆಯನ್ನೇ ಮಾಡಿ ಅಂತರಜಾಲವನ್ನು ಸೇರುತ್ತಿತ್ತು. ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಬಳಕೆಯ ಅವಧಿಯಲ್ಲಿ ದೂರವಾಣಿ ನಿರತವಾಗಿರುತ್ತಿತ್ತು. ಇದು ಬ್ರಾಡ್‌ಬ್ಯಾಂಡ್ ಅಲ್ಲ.

2. ಐ.ಎಸ್.ಡಿ.ಎನ್.: ತಲಾ 64 ಕಿಲೋಬಿಟ್‌ನ ಎರಡು ಮಾರ್ಗಗಳನ್ನು ಜೋಡಿಸಿ 128 ಕಿಲೋಬಿಟ್ ವೇಗ ನೀಡುತ್ತಿದ್ದ ಅಂಕೀಯ ಸೇವೆ. ಇದೂ ಬ್ರಾಡ್‌ಬ್ಯಾಂಡ್ ವ್ಯಾಖ್ಯೆಗೆ ಒಳಪಡುವುದಿಲ್ಲ.

3. ಎ.ಡಿ.ಎಸ್.ಎಲ್.: ಧ್ವನಿಯು ತಂತಿಯ ಕೆಳ ಆವರ್ತನಗಳನ್ನು ಮಾತ್ರ ಬಳಸುತ್ತದೆ, ದತ್ತಾಂಶವು ಮೇಲಿನ ಆವರ್ತನಗಳಲ್ಲಿ ಸಾಗುತ್ತದೆ. ಆದುದರಿಂದ ಮಾತನಾಡುತ್ತಲೇ ಅಂತರಜಾಲವನ್ನು ಬಳಸಬಹುದು. ಮನೆಗೆ ಬರುವ ವೇಗ ಗರಿಷ್ಠ ಸುಮಾರು 8 ಮೆಗಾಬಿಟ್. ಮನೆಯಿಂದ ಹೋಗುವ ವೇಗ ಸುಮಾರು 1 ಮೆಗಾಬಿಟ್. ಈ ವ್ಯತ್ಯಾಸದ ಕಾರಣ ಇದನ್ನು ಅಸಮ ಸಂಪರ್ಕ ಎನ್ನಲಾಗುತ್ತದೆ.

4. ಎ.ಡಿ.ಎಸ್.ಎಲ್.2 ಪ್ಲಸ್: ಇದೇ ತಂತ್ರದ ಸುಧಾರಿತ ರೂಪ. ವಿನಿಮಯ ಕೇಂದ್ರದ ಸಮೀಪದಲ್ಲಿ ಗರಿಷ್ಠ 24 ಮೆಗಾಬಿಟ್.

5. ವಿ.ಡಿ.ಎಸ್.ಎಲ್.2: ಕೆಲವು ನೂರು ಮೀಟರ್ ಅಂತರದಲ್ಲಿ 50 ರಿಂದ 100 ಮೆಗಾಬಿಟ್ ಸಾಧ್ಯ. ದೂರ ಹೆಚ್ಚಿದಂತೆ ಈ ಅನುಕೂಲ ಶೀಘ್ರವಾಗಿ ಕುಗ್ಗುತ್ತದೆ.

ವೇಗವು ಏಕೆ ಕಡಿಮೆಯಾಗುತ್ತದೆ?

ತಾಮ್ರದ ತಂತಿ ಉದ್ದವಾದಷ್ಟೂ ಮೇಲಿನ ಆವರ್ತನದ ಸಂಕೇತಗಳು ಕ್ಷೀಣಿಸುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ನೇರ ದೂರವಲ್ಲ, ತಂತಿ ಸಾಗಿಬರುವ ಹಾದಿಯ ಉದ್ದ. ಸುಮಾರು 5 ಕಿಲೋಮೀಟರ್ ದಾಟಿದ ಮನೆಗಳಿಗೆ ಸ್ಥಿರ ಸಂಪರ್ಕ ದೊರೆಯುವುದು ಕಷ್ಟ. ಮಳೆಗಾಲದಲ್ಲಿ ಕೀಲುಗಳಿಗೆ ನೀರು ಸೇರಿದರೂ ಸಂಪರ್ಕ ಪದೇ ಪದೇ ಕಡಿಯುತ್ತದೆ. ದೂರವಾಣಿಯಲ್ಲಿ ಕರಕರ ಶಬ್ದ ಕೇಳಿಬಂದಲ್ಲಿ ದೋಷವು ತಂತಿಯಲ್ಲಿರುವ ಸಂಭವ ಹೆಚ್ಚು.

ಜಾಹೀರಾತಿನ ವೇಗವನ್ನು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಸೂಚಿಸಲಾಗುತ್ತದೆ. 8 ಬಿಟ್‌ಗಳಿಗೆ 1 ಬೈಟ್. ಅಂದರೆ 8 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 1 ಮೆಗಾಬೈಟ್ ಇಳಿಯುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ತಮ್ಮ ವಿಳಾಸಕ್ಕೆ ತಾಮ್ರದ ಸಂಪರ್ಕ ಲಭ್ಯವಿದೆಯೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಅನೇಕ ಕಡೆಗಳಲ್ಲಿ ಆಪ್ಟಿಕಲ್ ಫೈಬರ್ ಇದರ ಸ್ಥಾನವನ್ನು ಪಡೆದಿದೆ.
• ಯೋಜನೆಯ ಹೆಸರಿನಲ್ಲಿರುವ ಗರಿಷ್ಠ ವೇಗವಲ್ಲದೆ, ನಿಗದಿತ ದತ್ತಾಂಶ ಮಿತಿ ಮುಗಿದ ನಂತರದ ವೇಗವನ್ನೂ ಕೇಳಿ ತಿಳಿಯುವುದು.
• ಮನೆಯಲ್ಲಿರುವ ಪ್ರತಿ ದೂರವಾಣಿಗೂ ಸ್ಪ್ಲಿಟರ್ ಅಥವಾ ಫಿಲ್ಟರ್ ಅಳವಡಿಸುವುದು.
• ಗುಡುಗು ಮಿಂಚಿನ ಸಂದರ್ಭದಲ್ಲಿ ಮೋಡೆಮ್‌ನ ವಿದ್ಯುತ್ ಹಾಗೂ ದೂರವಾಣಿ ತಂತಿ ಎರಡನ್ನೂ, ಮಿಂಚು ಆರಂಭವಾಗುವ ಮುನ್ನವೇ, ಕಳಚಿಡುವುದು.
• ತಾಮ್ರದ ತಂತಿಯಲ್ಲಿ ಸಾಧಾರಣ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುವುದರಿಂದ, ಮನೆಯಲ್ಲಿ ವಿದ್ಯುತ್ ಕಡಿತವಾದಾಗಲೂ ಕರೆ ಮಾಡಬಹುದು. ಫೈಬರ್ ಸಂಪರ್ಕದಲ್ಲಿ ಉಪಕರಣಕ್ಕೆ ಮನೆಯ ವಿದ್ಯುತ್ತೇ ಬೇಕು. ವೃದ್ಧರು ಅಥವಾ ರೋಗಿಗಳು ಇರುವ ಮನೆಗಳಲ್ಲಿ ಫೈಬರ್‌ಗೆ ಬದಲಾಗುವ ಮುನ್ನ ಬ್ಯಾಟರಿಯ ವ್ಯವಸ್ಥೆ ಮಾಡಿಕೊಳ್ಳುವುದು ಅವಶ್ಯ.

ದೂರು ಸಲ್ಲಿಕೆ

ಮೋಡೆಮ್‌ನ ಡಿ.ಎಸ್.ಎಲ್. ದೀಪ ಮಿನುಗುತ್ತಲೇ ಇದ್ದಲ್ಲಿ ತಂತಿಯ ದೋಷವನ್ನೂ, ಅದು ಸ್ಥಿರವಾಗಿದ್ದು ಇಂಟರ್‌ನೆಟ್ ದೀಪ ಮಾತ್ರ ಬೆಳಗದಿದ್ದಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನೂ ಮೊದಲು ಪರಿಶೀಲಿಸಬೇಕು. ದೂರನ್ನು ಸೇವಾದಾರರ ದೂರು ಕೇಂದ್ರದಲ್ಲಿ ದಾಖಲಿಸಿ, ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ, ಸದರಿ ಸಂಖ್ಯೆಯನ್ನು ನಮೂದಿಸಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ವೈಯಕ್ತಿಕ ದೂರುಗಳನ್ನು ನೇರವಾಗಿ ಇತ್ಯರ್ಥಪಡಿಸುವುದಿಲ್ಲ.