ಫೋನ್ ಆನ್ ಆಗ್ತಿಲ್ವೇ? ಅಳಿಸುವ ಮೊದಲು ಕಂಪ್ಯೂಟರಿಗೆ ಜೋಡಿಸಿ ನೋಡಿ

ಬದಿಯಡ್ಕ ಪೇಟೆಯಲ್ಲಾಗಲಿ, ಪೆರ್ಲ, ಸೀತಾಂಗೋಳಿಯಲ್ಲಾಗಲಿ, ಆನ್ ಆಗದ ಫೋನನ್ನು ರಿಪೇರಿಗೆ ಕೊಟ್ಟಾಗ ಕೇಳಿಬರುವ ಒಂದು ಮಾತು ಉಂಟು: “ಸಾಫ್ಟ್‌ವೇರ್ ಹಾಕಬೇಕು”. ಸರಿ ಅಂತ ಹೇಳಿದರೆ ಫೋನ್ ಬದುಕಬಹುದು. ಆದರೆ ಒಳಗಿದ್ದ ಮದುವೆಯ ಫೋಟೊ, ಗಲ್ಫಿನಿಂದ ಬಂದ ವಾಯ್ಸ್ ಮೆಸೇಜ್, ಪಾಸ್‌ಪೋರ್ಟ್ ಮತ್ತು ಇಖಾಮಾದ ಪ್ರತಿ ಎಲ್ಲವೂ ಹೋಗಬಹುದು. ಹಾಗಾಗಿ ಮೊದಲು ಕಂಪ್ಯೂಟರಿಗೆ ಜೋಡಿಸಿ, ಫೋನ್ ಯಾವ ಹಂತದವರೆಗೆ ಜೀವಂತ ಉಂಟು ಅಂತ ನೋಡಿಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ.

ಮೊದಲು ಕೇಬಲ್

ಎಲ್ಲ ಕೇಬಲ್‌ಗಳಲ್ಲಿ ಡೇಟಾ ಹೋಗುವುದಿಲ್ಲ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿನ ತಂತಿ ಮಾತ್ರ ಇರುತ್ತದೆ. ಇನ್ನೊಂದು ಫೋನನ್ನು ಅದೇ ಕೇಬಲ್‌ನಲ್ಲಿ ಜೋಡಿಸಿ ಪರೀಕ್ಷಿಸಿ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಅರ್ಧ ಗಂಟೆ ಚಾರ್ಜಿಗೆ ಹಾಕಿ ಆಮೇಲೆ ನೋಡಿ.

ಕಂಪ್ಯೂಟರಿನಲ್ಲಿ ಏನು ಕಾಣುತ್ತದೆ?

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಫೋನ್ ಜೋಡಿಸಿ.

● ಫೋನಿನ ಹೆಸರೇ ಬಂದರೆ ಆಂಡ್ರಾಯ್ಡ್ ಓಡುತ್ತಿದೆ. ಹಾಳಾದದ್ದು ಡಿಸ್‌ಪ್ಲೇ ಮಾತ್ರ ಇರಬಹುದು. ಡಿಸ್‌ಪ್ಲೇ ಬದಲಿಸಿದರೆ ಡೇಟಾ ಹೋಗುವುದಿಲ್ಲ.

● ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ ಒತ್ತಿದಾಗ ಫಾಸ್ಟ್‌ಬೂಟ್ ಬಂದರೆ ಬೂಟ್‌ಲೋಡರ್ ಸರಿ ಇದೆ, ಆಂಡ್ರಾಯ್ಡ್ ಭಾಗದಲ್ಲಿ ತೊಂದರೆ. ಸ್ಯಾಮ್‌ಸಂಗ್‌ನಲ್ಲಿ ಇದರ ಬದಲು ಡೌನ್‌ಲೋಡ್ ಮೋಡ್ ಇರುತ್ತದೆ.

● ಕ್ವಾಲ್‌ಕಾಮ್ 9008 ಅಂತ ಕಂಡರೆ ಪ್ರೊಸೆಸರ್ ಒಳಗಿನ ಮೂಲ ಕೋಡ್ ಮಾತ್ರ ಎದ್ದಿದೆ. ಬೂಟ್‌ಲೋಡರ್ ಅಥವಾ ಮೆಮೊರಿ ಚಿಪ್ ಹಾಳಾಗಿರಬಹುದು. ಇಲ್ಲಿಂದ ಮುಂದೆ ಕಂಪನಿಯೇ ಸಹಿ ಹಾಕಿದ ಫೈಲ್ ಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

● ಮೀಡಿಯಾಟೆಕ್ ಪ್ರಿಲೋಡರ್ ಅಂತ ಒಂದೆರಡು ಸೆಕೆಂಡ್ ಕಂಡು ಮಾಯವಾದರೆ ಗಾಬರಿ ಬೇಡ. ಸರಿ ಇರುವ ಫೋನನ್ನು ಆಫ್ ಮಾಡಿ ಜೋಡಿಸಿದರೂ ಹಾಗೆ ಬರಬಹುದು.

● ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿದರೂ ಏನೂ ಬರದಿದ್ದರೆ ಚಾರ್ಜಿಂಗ್ ಪೋರ್ಟ್, ಬ್ಯಾಟರಿ ಅಥವಾ ಬೋರ್ಡ್ ನೋಡಿಸಬೇಕು. ಇದಕ್ಕೆ ಸಾಫ್ಟ್‌ವೇರ್ ಹಾಕಿ ಪ್ರಯೋಜನ ಇಲ್ಲ.

ಆನ್ ಆಗುವ ಫೋನಿಗೆ ಎಡಿಬಿ

ಫೋನ್ ಬಿಸಿಯಾಗುವುದು, ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುವುದು ಇದ್ದರೆ ಗೂಗಲ್ ಉಚಿತವಾಗಿ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ. ಕಂಪ್ಯೂಟರಿನಲ್ಲಿ ‘ಎಡಿಬಿ ಡಿವೈಸಸ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ‘ಅನ್‌ಆಥರೈಸ್ಡ್’ ಅಂತ ಬಂದರೆ ಫೋನಿನ ಪರದೆಯಲ್ಲಿ ಅನುಮತಿ ಕೊಟ್ಟಿಲ್ಲ ಅಂತ ಅರ್ಥ.

‘ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ’ ಕೊಟ್ಟರೆ ಬ್ಯಾಟರಿಯ ವಿವರ ಬರುತ್ತದೆ. ಅದರಲ್ಲಿ ಉಷ್ಣತೆ 310 ಅಂತ ಇದ್ದರೆ 31 ಡಿಗ್ರಿ ಸೆಲ್ಸಿಯಸ್ ಅಂತ ಓದಬೇಕು. ಹೆಲ್ತ್ 2 ಅಂದರೆ ಸರಿ ಇದೆ, 3 ಅಂದರೆ ವಿಪರೀತ ಬಿಸಿ. ‘ಎಡಿಬಿ ಬಗ್‌ರಿಪೋರ್ಟ್’ ಕೊಟ್ಟರೆ ಪೂರ್ತಿ ದಾಖಲೆ ಒಂದು ಫೈಲಿನಲ್ಲಿ ಸಿಗುತ್ತದೆ. ಅದರಲ್ಲಿ ನಿಮ್ಮ ಖಾಸಗಿ ಮಾಹಿತಿಯೂ ಇರಬಹುದು, ಎಲ್ಲರಿಗೂ ಕಳುಹಿಸಬೇಡಿ.

ಒಂದು ಮಿತಿ ಉಂಟು. ಡೀಬಗಿಂಗ್ ಮೊದಲೇ ಆನ್ ಇಲ್ಲದಿದ್ದರೆ ಸ್ಕ್ರೀನ್ ಹೋದ ಮೇಲೆ ಎಡಿಬಿ ಉಪಯೋಗಕ್ಕೆ ಬರುವುದಿಲ್ಲ. ಹಾಗಂತ ಯಾವಾಗಲೂ ಆನ್ ಇಡುವುದೂ ಸರಿಯಲ್ಲ. ಕೆಲಸ ಮುಗಿದ ಕೂಡಲೇ ಆಫ್ ಮಾಡಿ, ಗುರುತಿಲ್ಲದ ಕಂಪ್ಯೂಟರಿಗೆ ಅನುಮತಿ ಕೊಡಬೇಡಿ.

ಡೇಟಾ ಅಳಿಸುವ ಕೆಲಸಗಳು

ರಿಕವರಿಯಲ್ಲಿ ‘ವೈಪ್ ಡೇಟಾ’ ಒತ್ತಿದರೆ ಎಲ್ಲ ಹೋಗುತ್ತದೆ. ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೂ ಹಾಗೆಯೇ. ಈಗಿನ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುವುದರಿಂದ, ಅಳಿಸಿದ ಮೇಲೆ ಯಾವ ಸಾಫ್ಟ್‌ವೇರ್ ತಂದರೂ ವಾಪಸ್ ಬರುತ್ತದೆ ಅಂತ ನಂಬಬೇಡಿ. ಚಿಪ್ ಕಿತ್ತು ಬೇರೆ ಬೋರ್ಡಿಗೆ ಹಾಕಿದರೂ ಓದಲಾಗುವುದಿಲ್ಲ. ಐಫೋನನ್ನು ರಿಕವರಿ ಮೋಡ್‌ನಲ್ಲಿ ಜೋಡಿಸಿದಾಗ ಎರಡು ಆಯ್ಕೆ ಬರುತ್ತದೆ: ‘ಅಪ್‌ಡೇಟ್’ ಡೇಟಾ ಉಳಿಸಿಕೊಂಡು ಸರಿಮಾಡಲು ನೋಡುತ್ತದೆ, ‘ರೀಸ್ಟೋರ್’ ಎಲ್ಲವನ್ನೂ ಅಳಿಸುತ್ತದೆ. ಮೊದಲು ಅಪ್‌ಡೇಟ್ ಒತ್ತಿ.

ಕಾನೂನಿನ ಗೆರೆ

ಡಯಗ್ನೋಸ್ಟಿಕ್ಸ್ ಕಲಿಯುವ ಯುವಕರು ಇದನ್ನು ನೆನಪಿಡಬೇಕು. ಐಎಂಇಐ ಸಂಖ್ಯೆ ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ನಿಮ್ಮ ಫೋನಿನ ಸಂಖ್ಯೆಯನ್ನು *#06# ಒತ್ತಿ ಬರೆದಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗ ಸಂಚಾರ್ ಸಾಥಿಯಲ್ಲಿ ಸಂಖ್ಯೆ ಹಾಕಿ ನೋಡಿ. ಕಳೆದುಹೋದ ಫೋನನ್ನು ಬ್ಲಾಕ್ ಮಾಡಿಸುವುದೂ ಅಲ್ಲಿಯೇ.

ಅಂಗಡಿಯಲ್ಲಿ ಏನು ಕೇಳಬೇಕು?

“ಕಂಪ್ಯೂಟರಿಗೆ ಹಾಕಿದಾಗ ಏನು ಕಾಣುತ್ತದೆ? ನೀವು ಮಾಡುವ ಕೆಲಸದಲ್ಲಿ ಡೇಟಾ ಹೋಗುತ್ತದಾ?” ಈ ಎರಡು ಪ್ರಶ್ನೆ ಸಾಕು. ಕೆಲಸ ಗೊತ್ತಿರುವವರು ಸ್ಪಷ್ಟವಾಗಿ ಹೇಳುತ್ತಾರೆ. ಉತ್ತರ ಸಿಗುವವರೆಗೆ ಫೋನ್ ಅಳಿಸಲು ಒಪ್ಪಬೇಡಿ. ಮನೆಯಲ್ಲಿ ಉಮ್ಮನ ಫೋನ್ ಈಗ ಸರಿ ಇದ್ದರೆ ಇವತ್ತೇ ಫೋಟೊ ಮತ್ತು ವಾಟ್ಸ್‌ಆ್ಯಪ್ ಬ್ಯಾಕಪ್ ಆನ್ ಮಾಡಿ ಕೊಡಿ.