ರಾಜನ ರೊಕ್ಕ, ಊರಿನ ಪಟ್ಟಿ: ಸಾಲಿ ನಾಟಕ ಯಾರದು?

ಇವತ್ತು ರೊಕ್ಕದ ಮಾತು. ಸಾಲಿ ಗ್ಯಾದರಿಂಗ್‌ನಲ್ಲಿ ಮಕ್ಕಳು ಹಾಡಿ ಆಡುವ ನಾಟಕಕ್ಕೆ ಖರ್ಚು ಯಾರು ಹಾಕಬೇಕು? ಒಬ್ಬ ದೊಡ್ಡ ದಾನಿಯೋ, ಇಡೀ ಊರೋ? ಉತ್ತರ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಇತಿಹಾಸದಲ್ಲೇ ಐತಿ.

ಮೊದಲು ಹಳೆಯ ನಕಾಶೆ ನೋಡೋಣ. ರಬಕವಿ-ಬನಹಟ್ಟಿ ಇವತ್ತು ಒಂದೇ ನಗರಸಭೆ. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗ್ಲಿಗೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. ಎರಡೂ ಕಡೆ ಆಳಿದವರು ಪಟವರ್ಧನರು. ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು.

ಅದೇ ಸಾಂಗ್ಲಿಯಲ್ಲಿ ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತರ ಮೇಳವೊಂದು ಆಟ ಆಡಿತು. ನೋಡಿದ ರಾಜ ಚಿಂತಾಮಣರಾವ್ ಪಟವರ್ಧನರಿಗೆ ಮರಾಠಿಯಲ್ಲೂ ಇಂಥದ್ದು ಆಗಲಿ ಅನ್ನಿಸಿತು. ಅವರ ಆಶ್ರಯದಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗೋದೇ ಇಲ್ಲಿಂದ ಅಂತಾರೆ.

ಆದರೆ 1851ರಲ್ಲಿ ರಾಜ ತೀರಿಹೋದರು, ಆಶ್ರಯವೂ ಮುಗೀತು. ಭಾವೆ ತಂಡ ಕಟ್ಟಿಕೊಂಡು ಊರೂರು ತಿರುಗಿ, 1853ರಲ್ಲಿ ಮುಂಬೈಯಲ್ಲಿ ಟಿಕೆಟ್ ಇಟ್ಟು ಆಡಿದರು. ನೋಡ್ರಿ, ಒಬ್ಬನ ಕಿಸೆ ನಂಬಿದ ಆಟ ಎಂಟು ವರ್ಷಕ್ಕೇ ಬೀದಿಗೆ ಬಂತು. ಅದನ್ನು ಉಳಿಸಿದ್ದು ಮಂದಿಯ ಚಿಲ್ಲರೆ.

ನಮ್ಮ ಹಳ್ಳಿಗಳಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿರಲಿಲ್ಲ. ಶ್ರೀಕೃಷ್ಣ ಪಾರಿಜಾತವನ್ನೇ ತಗೊಳ್ರಿ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಯಿತು ಅಂತ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಇಷ್ಟೇ ಕಥೆ, ಆದರೆ ಹಾಡು ಬೆಳತನಕ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ತಂದ ಈ ಆಟ ಮುಧೋಳ, ಜಮಖಂಡಿ ಸೀಮೆಯಲ್ಲಿ ಇವತ್ತಿಗೂ ಜೀವಂತ ಐತಿ.

ಇದಕ್ಕೆ ರೊಕ್ಕ ಎಲ್ಲಿಂದ? ಜಾತ್ರಿ ಬಂತಂದ್ರೆ ಹಿರಿಯರು ಮನಿ ಮನಿಗೆ ಹೋಗಿ ಪಟ್ಟಿ ಎತ್ತುತ್ತಾರೆ. ಒಬ್ಬರು ನೋಟು, ಇನ್ನೊಬ್ಬರು ಜೋಳ, ಮತ್ತೊಬ್ಬರು ಹಂದರಕ್ಕೆ ಗಳ ಕೊಡ್ತಾರೆ. ಊರ ನಾಟಕದಲ್ಲಿ ಇದರ ಜೊತೆ ಆಹೇರಿಯೂ ಉಂಟು. ನಾಯಕ ಅಳುತ್ತಿರುವಾಗಲೇ ಬೀಗರು ರಂಗದ ಮೇಲೆ ಬಂದು ಅವನ ಎದೆಗೆ ನೋಟು ಚುಚ್ಚುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಆಮೇಲೆ ಅವನು ಮತ್ತೆ ಅಳೋಕೆ ಶುರು ಮಾಡ್ತಾನೆ! ನಗು ಬರುತ್ತೆ ಖರೆ. ಆದರೆ ಆ ನೋಟು ಕೊಟ್ಟವನಿಗೆ ನಾಟಕ 'ಅವರದು' ಅಲ್ಲ, 'ನಮ್ಮದು'.

ಸಾಲಿಗೂ ನಾಟಕಕ್ಕೂ ನಂಟು ಹಳೆಯದು. 1870ರ ದಶಕದಲ್ಲಿ ಮರಾಠಿ ನಾಟಕಗಳೇ ಮೆರೆಯುತ್ತಿದ್ದಾಗ ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿಸಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಸಾಲಿ ಮಾಸ್ತರರು.

ಹಾಡುವ ಮಕ್ಕಳೇನು ನಮ್ಮಲ್ಲಿ ಕಡಿಮೆ ಇರಲಿಲ್ಲ. ಬೀಳಗಿಯ ಅಕ್ಕ-ತಂಗಿಯರು ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ. ಅಕ್ಕ ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿ ನಟಿಸಿದರು. ತಂಗಿ 1943ರ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಇಬ್ಬರೂ ಹೆಸರು ಮಾಡಿದ್ದು ಊರು ಬಿಟ್ಟು ಹೋಗಿ. ಊರಲ್ಲೇ ಇದ್ದು, ಒಂದು ರಂಗವೂ ಸಿಗದೆ ಹೋದ ದನಿಗಳು ಎಷ್ಟೋ!

ಇವತ್ತಿನ ಗ್ಯಾದರಿಂಗ್‌ಗೆ ಬರೋಣ. ಪೆನ್‌ಡ್ರೈವ್ ಹಾಕಿ ಸಿನಿಮಾ ಹಾಡಿಗೆ ಕುಣಿಸೋದು ಅಗ್ಗ. ಹಾಡಿನ ನಾಟಕಕ್ಕೆ ಪೇಟಿ ಮಾಸ್ತರ ಬೇಕು, ತಬಲಾ ಬೇಕು, ಬಾಡಿಗೆ ವೇಷ ಬೇಕು, ವಾರಗಟ್ಟಲೆ ತಾಲೀಮು ಬೇಕು. ಇಷ್ಟಾದರೆ ಮಗು ತನ್ನದೇ ದನಿಯಲ್ಲಿ ಹಾಡುತ್ತೆ, ಹಿಂದಿನ ಬೆಂಚಿನ ಹುಡುಗಿಯ ದನಿಯನ್ನು ಇಡೀ ಊರು ಕೇಳುತ್ತೆ. ಇದನ್ನು ಪೆನ್‌ಡ್ರೈವ್ ಕೊಡಲ್ಲ.

ಊರಿನ ಪಟ್ಟಿಯಲ್ಲಿ ಒಂದು ಗಂಡಾಂತರವೂ ಐತ್ರಿ. ಜಾಸ್ತಿ ಕೊಟ್ಟವರು ತಮ್ಮ ಮಗನೇ ಕೃಷ್ಣ ಆಗಬೇಕು ಅಂತಾರೆ. ಅಲ್ಲಿಗೆ ಅದು ಮತ್ತೆ ರಾಜಾಶ್ರಯವೇ ಆಯ್ತು, ರಾಜ ಮಾತ್ರ ಬೇರೆ. ಹಾಗಾಗಿ ನನ್ನ ಪ್ರಕಾರ ದೊಡ್ಡ ಚೆಕ್ ಒಂದಕ್ಕಿಂತ ಹತ್ತು ರೂಪಾಯಿಯ ನೂರು ಕೈ ಮೇಲು. ನೂರು ಜನ ಕೊಟ್ಟಾಗ ಪಾತ್ರ ಯಾರಿಗೆ ಅಂತ ಯಾವ ಒಬ್ಬರೂ ಹೇಳೋಕೆ ಆಗಲ್ಲ. ಅದನ್ನು ದನಿ ಹೇಳಬೇಕು, ಮಾಸ್ತರರು ಕೇಳಬೇಕು. ಕೂಲಿಗೆ ಹೋಗೋ ತಾಯಿ ಹತ್ತು ರೂಪಾಯಿಯನ್ನೂ ಕೊಡೋಕಾಗದೆ ಹೋದರೂ, ಅವಳ ಮಗಳು ಸತ್ಯಭಾಮೆ ಆಗಬಹುದು.

ಮುಂದಿನ ಸಲ ನಿಮ್ಮ ಸಾಲಿಯವರು ಪಟ್ಟಿ ಹಿಡಿದು ಬಂದರೆ ಕೈಲಾದಷ್ಟು ಕೊಡ್ರಿ. ಜೊತೆಗೆ ಎರಡು ಮಾತು ಕೇಳ್ರಿ: ಜಮಾ-ಖರ್ಚು ನೋಟಿಸ್ ಬೋರ್ಡಿಗೆ ಹಚ್ತೀರಾ? ಪಾತ್ರ ಯಾರಿಗೆ ಅಂತ ಹಾಡಿಸಿ ನೋಡ್ತೀರಾ? ಎರಡಕ್ಕೂ ಹೂಂ ಅಂದರೆ ಮುಂದಿನ ಸಾಲಿನಲ್ಲಿ ಕೂತು ಆಟ ನೋಡ್ರಿ.

ಮತ್ತೆ ಸಿಗೋಣ್ರೀ.